ತಂಗಿಯ ಎರಡನೇ ದೀಕ್ಷಾಸ್ನಾನ

ತಂಗಿ ಎರಡನೇ ಸಲ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇನೆ ಎಂದ ದಿನ ನನಗೆ ಹೊಟ್ಟೆ ಉರಿದುಹೋಯಿತು. ಸುಳ್ಳೇಕೆ ಹೇಳಲಿ? ಕುಂದಲಹಳ್ಳಿಯಲ್ಲಿ ಹುಟ್ಟಿದ ನಮ್ಮಿಬ್ಬರಿಗೂ ಎಳೆಗೂಸುಗಳಾಗಿದ್ದಾಗಲೇ ಪಾದ್ರಿಗಳು ತಲೆಗೆ ನೀರು ಹಾಕಿದ್ದರು, ಅದೂ ಒಬ್ಬರಾದ ಮೇಲೊಬ್ಬರಿಗೆ ಒಂದೇ ಬಿಳಿ ಫ್ರಾಕು ತೊಡಿಸಿ. ನನಗದು ಸಾಕಾಗಿತ್ತು. ಇವಳು ಮಾತ್ರ ವರ್ತೂರಿನ ಹೊಸ ಸಭೆಯೊಂದನ್ನು ಸೇರಿ, ತಿಳಿದು ನಂಬಿ ಮುಳುಗಿದರೇ ದೀಕ್ಷೆ ಎನ್ನತೊಡಗಿದಳು.

ಅನಾಬ್ಯಾಪ್ಟಿಸ್ಟರೆಂಬ ಹಳೆಯ ಪಂಥದವರ ವಿಷಯ ಅವಳೇ ಹೇಳಿದ್ದು, ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ. ಐನೂರು ವರ್ಷದ ಹಿಂದೆ ಯುರೋಪಿನಲ್ಲಿ, ದೊಡ್ಡವರಾದ ಮೇಲೆ ಮತ್ತೆ ದೀಕ್ಷೆ ಪಡೆದರು ಎಂಬ ಒಂದೇ ತಪ್ಪಿಗೆ ಅವರನ್ನು ಸುಟ್ಟರಂತೆ.

"ನೀರು ಬೇಕಿತ್ತಲ್ಲ, ತಗೊಳ್ಳಿ ಅಂತ ಕೈಕಾಲು ಕಟ್ಟಿ ಹೊಳೆಗೆ ಹಾಕ್ತಿದ್ರಂತೆ ಅಕ್ಕಾ."

"ಹಿಡಿದುಕೊಟ್ಟೋರು ಯಾರು?"

"ಅಕ್ಕಪಕ್ಕದೋರು. ಕೆಲವು ಸಲ ಮನೆಯೋರೇ. ನಾನು ಮತ್ತೆ ದೀಕ್ಷೆ ತಗೊಳ್ಳೋದು ಅಪ್ಪಂಗೆ ಮಾತ್ರ ಹೇಳ್ಬೇಡ ಕಣೇ, ನಿಂಗೊಬ್ಬಳಿಗೇ ಹೇಳಿರೋದು."

ಭಾನುವಾರ ತಪ್ಪದೆ ಚರ್ಚಿನಲ್ಲಿ ಹೂವು ಜೋಡಿಸುವವಳು ನಾನು, ಪ್ರಾಣ ಕೊಡುವಂಥ ನಂಬಿಕೆ ಬಂದಿದ್ದು ಇವಳಿಗೆ! ಆ ಸಂಜೆಯೇ ಅಪ್ಪನ ಕಿವಿಗೆ ಹಾಕಿದೆ.

ಅಪ್ಪ ಕೂಗಾಡಲಿಲ್ಲ. "ನೀರಿಗಿಳಿದ್ರೆ ಈ ಮನೆ ಹೊಸ್ತಿಲು ತುಳೀಬೇಡ," ಎಂದಷ್ಟೇ ಅವಳಿಗೆ ಹೇಳಿದರು. ಹೆದರಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟೆ ಬರೆ ಬ್ಯಾಗಿಗೆ ತುಂಬಿಕೊಂಡು ಹೊರಟೇಬಿಟ್ಟಳು.

ವರ್ತೂರು ಕೆರೆಯ ಕೊಳಚೆ ನೊರೆಯಲ್ಲಿ ಯಾರು ಮುಳುಗುತ್ತಾರೆ? ಸಭೆಯವರು ಸರ್ಜಾಪುರದ ಹತ್ತಿರ ಯಾರದೋ ತೋಟದ ಸಿಮೆಂಟ್ ತೊಟ್ಟಿಯನ್ನು ಗೊತ್ತುಮಾಡಿದ್ದರು. ನಮ್ಮ ಮನೆಯಿಂದ ಹೋದವಳು ನಾನೊಬ್ಬಳೇ, ಏನೂ ಅರಿಯದ ಮಳ್ಳಿಯ ಹಾಗೆ. ನೀರಿಗಿಳಿಯುವ ಮುಂಚೆ, ಯಾರ ಮೇಲೆ ಮನಸ್ಸು ಕೆಟ್ಟಿದೆಯೋ ಅವರ ಹತ್ತಿರ ಹೋಗಿ ಕ್ಷಮೆ ಕೇಳುವುದು ಆ ಸಭೆಯ ಪದ್ಧತಿ. ಬಿಳಿ ಬಟ್ಟೆಯ ತಂಗಿ ನೆಟ್ಟಗೆ ನನ್ನ ಮುಂದೆಯೇ ಬಂದು ನಿಂತಳು.

"ಅಕ್ಕಾ, ಚಿಕ್ಕಂದಿನಿಂದ ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಅಪ್ಪಂಗೆ ನೀನೇ ಮುದ್ದು ಅಂತ. ಕ್ಷಮಿಸ್ತೀಯಾ?"

"ಹೋಗ್ಲಿ ಬಿಡೇ," ಎಂದೆ, ದೊಡ್ಡ ಮನಸ್ಸಿನವಳ ಹಾಗೆ.

"ಅಪ್ಪಂಗೆ ಹೇಳಿದೋರನ್ನೂ ನಾನು ಕ್ಷಮಿಸ್ಬಿಟ್ಟಿದೀನಿ," ಎಂದು ತನ್ನ ಟವಲನ್ನು ನನ್ನ ಕೈಗಿತ್ತಳು.

ಅವಳಿಗೆ ಗೊತ್ತಿತ್ತು. ಹೇಳಿದವಳು ನಾನೇ ಎಂದು ಒಪ್ಪಿಕೊಳ್ಳುವ ಬದಲು ಟವಲನ್ನು ನೀಟಾಗಿ ಮಡಚಿ ತೋಳಿಗೆ ಹಾಕಿಕೊಂಡೆ. ಅವಳು ಮುಳುಗಿ ಎದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಟವಲ್ ಹೊದಿಸುವಾಗಲೂ, ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಕ್ಷಮಿಸುವ ಭಾಗ್ಯವೂ ಇವಳ ಪಾಲಿಗೇ ಬಂತಲ್ಲ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.