ತಣುಪು ತಿಳಿಯದ ಬೆರಳುಗಳು

ಆ ಬೀದಿಯಲ್ಲಿ ಎಲ್ಲರಿಗೂ ಅವನು ಎಸಿ ಮಾಮ. ಟೈರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದೇ ಕಾರು ಹಿಡಿಸುವ ಜಾಗದಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಕಾರುಗಳ ಎಸಿಗೆ ಗ್ಯಾಸ್ ತುಂಬುವುದೇ ಅವನ ಕಸುಬು. ಒತ್ತಡ ಅಳೆಯುವ ಗೇಜು ಜೋಡಿಸುತ್ತಿದ್ದದ್ದು ಹೆಸರಿಗಷ್ಟೇ. ಮುಳ್ಳಿನ ಕಡೆ ಅವನು ಕಣ್ಣು ಹಾಯಿಸುತ್ತಿದ್ದದ್ದು ಅಪರೂಪ. ಎಂಜಿನ್ ಓಡುತ್ತಿರುವಾಗ ದಪ್ಪ ಪೈಪಿನ ತಣುಪನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, "ಇನ್ನೊಂಚೂರು... ಹಾಂ, ಸಾಕು" ಎಂದು ವಾಲ್ವ್ ಮುಚ್ಚಿದರೆ ಮುಗಿಯಿತು. ಒಂದು ಕಾರೂ ವಾಪಸ್ ಬಂದದ್ದಿಲ್ಲ.

ಒಂದು ದಿನ ಹಳೆಯ ಹೋಸ್ ಪೈಪು ಕಳಚಿ ಮಂಜಿಗಿಂತ ತಣ್ಣನೆಯ ಗ್ಯಾಸ್ ಚಿಮ್ಮಿತು. ಬಿಟ್ಟು ದೂರ ಸರಿಯಬೇಕಿತ್ತು. ಅವನು ಗಾಬರಿಯಲ್ಲಿ ಎರಡೂ ಕೈಯಿಂದ ಅದುಮಿ ಹಿಡಿದ. ಬೆರಳುಗಳು ಬಿಳುಚಿಕೊಂಡು ಮರಗಟ್ಟಿದವು. ಗುಳ್ಳೆ ಎದ್ದು, ಒಣಗಿ, ಹೊಸ ಚರ್ಮ ಬಂತು. ಸ್ಪರ್ಶ ಮಾತ್ರ ಬರಲಿಲ್ಲ. "ನರದ ವಿಷಯ, ನಿಧಾನಕ್ಕೆ ಬಂದರೂ ಬರಬಹುದು" ಎಂದರು ಡಾಕ್ಟರು. ಅದರ ಬಗ್ಗೆ ಅವನು ಮನೆಯಲ್ಲೂ ಬಾಯಿಬಿಡಲಿಲ್ಲ.

ಒಂದು ಬೆಳಿಗ್ಗೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಾಗ ಹೆಂಡತಿ ಬೆಚ್ಚಿಬಿದ್ದಳು.

"ಅಯ್ಯೋ, ಸುಡಲ್ವೇನ್ರೀ?"

"ಅಷ್ಟೇನೂ ಬಿಸಿ ಇರ್ಲಿಲ್ಲ ಬಿಡೆ."

"ಕೊತಕೊತ ಕುದೀತಿದೆ! ಅಂಗಡೀಲಿ ಹೇಗೆ ಕೆಲಸ ಮಾಡ್ತೀರಿ?"

"ಕೈಗೆ ಅಭ್ಯಾಸ ಇದೆ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅದೇ ವಾರ, ಕಾರಿನ ಎಸಿ ತಣ್ಣಗಾಗುತ್ತಿಲ್ಲವೆಂದು ನರ್ಸಮ್ಮ ಅಂಗಡಿಗೆ ಬಂದರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಅವರಿಗೆ ದಿನವೆಲ್ಲ ಕಾರಿನಲ್ಲೇ ಓಡಾಟ. ಅವನು ಗ್ಯಾಸ್ ಬಿಡುತ್ತಾ ಪೈಪ್ ಮುಟ್ಟಿದ. ಏನೂ ತಿಳಿಯಲಿಲ್ಲ. ಇನ್ನಷ್ಟು ಬಿಟ್ಟ. ಆಗಲೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಮುಚ್ಚಿ, "ಆಯ್ತು" ಎಂದ.

ಮೂರನೇ ದಿನ ಅವರು ಮತ್ತೆ ಬಂದರು. "ಮೊದಲಿಗಿಂತ ಕೆಟ್ಟಿದೆ ಮಾಮ. ಒಂದು ನಿಮಿಷ ತಣ್ಣಗೆ ಬರುತ್ತೆ, ಆಮೇಲೆ ಟಕ್ ಅಂತ ನಿಲ್ಲುತ್ತೆ."

ಗೇಜು ಸಿಕ್ಕಿಸಿದ್ದೇ ತಡ, ಕೆಂಪು ಗೇಜಿನ ಮುಳ್ಳು ಸರ್ರನೆ ಮೇಲೇರಿತು. ಗ್ಯಾಸ್ ವಿಪರೀತವಾಗಿತ್ತು. ಆದರೂ ಅವನ ಬಾಯಿಂದ ಬಂದದ್ದು, "ಮುಂದಿನ ಜಾಲರಿಗೆ ಧೂಳು ಕೂತಿದೆ, ತೊಳೆದರೆ ಸರಿಹೋಗುತ್ತೆ" ಎಂಬ ಮಾತು.

"ನೀವು ಹೇಳಿದ್ಮೇಲೆ ಮುಗೀತು" ಎಂದು ನರ್ಸಮ್ಮ ಸ್ಟೂಲಿನ ಮೇಲೆ ಕೂತರು.

ಆ ಮಾತು ಅವನಿಗೆ ಚುಚ್ಚಿತು. ಬಕೆಟ್ ಎತ್ತಿದವನು ಅಲ್ಲೇ ಇಟ್ಟ.

"ಧೂಳಲ್ಲ ನರ್ಸಮ್ಮ. ತಪ್ಪು ನಂದೇ. ಬೆರಳಿಗೆ ತಣ್ಣಗೆ, ಬಿಸಿ ಏನೂ ಗೊತ್ತಾಗ್ತಿಲ್ಲ. ಜಾಸ್ತಿ ತುಂಬಿಬಿಟ್ಟೆ."

ಅವರು ರೇಗಲಿಲ್ಲ. ಅವನ ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಬೆರಳನ್ನು ಒತ್ತಿ ನೋಡಿದರು. "ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಎರಡು ತಿಂಗಳಿಂದ ಒಬ್ಬರೇ ಒದ್ದಾಡ್ತಿದ್ದೀರಾ?" ಎಂದವರೇ ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿದರು. "ನಾನು ಮುಟ್ತೀನಿ, ನೀವು ತುಂಬಿ."

ಅವನು ಹಳೆಯ ಗ್ಯಾಸನ್ನೆಲ್ಲ ಖಾಲಿ ಸಿಲಿಂಡರಿಗೆ ಎಳೆದ. ಅರ್ಧ ಗಂಟೆ ಪಂಪು ಹಾಕಿ ಪೈಪುಗಳೊಳಗಿನ ಗಾಳಿ, ತೇವ ತೆಗೆದ. ಬಾನೆಟ್ ಅಡಿಯ ಚೀಟಿಯಲ್ಲಿ ಗ್ಯಾಸ್ ಐನೂರು ಗ್ರಾಂ ಎಂದಿತ್ತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತಕ್ಕಡಿಯನ್ನು ಒರೆಸಿ, ಸಿಲಿಂಡರನ್ನು ಅದರ ಮೇಲಿಟ್ಟು ವಾಲ್ವ್ ತೆರೆದ. ನರ್ಸಮ್ಮ ಪೈಪಿನ ಮೇಲೆ ಬೆರಳಿಟ್ಟರು.

"ಈಗ ಹೇಗಿದೆ?"

"ತಣ್ಣಗಿದೆ."

"ತಣ್ಣಗೆ ಅಂದ್ರೆ ಎಷ್ಟು?"

"ಜ್ವರ ಬಿಟ್ಟವರ ಹಣೆಯಷ್ಟು."

ಅವನಿಗೆ ನಗು ತಡೆಯಲಾಗಲಿಲ್ಲ. "ಅದು ಸಾಲದು."

ತಕ್ಕಡಿಯಲ್ಲಿ ಸಿಲಿಂಡರಿನ ತೂಕ ಐನೂರು ಗ್ರಾಂ ಇಳಿಯುವಾಗ ಅವರು ಕೈ ಹಿಂದೆಗೆದರು. "ಈಗ ಫ್ರಿಜ್ಜಿನಿಂದ ತೆಗೆದ ಬಾಟಲಿ!" ಮುಳ್ಳುಗಳೂ ಹದಕ್ಕೆ ಬಂದು ನಿಂತಿದ್ದವು. ಕಾರಿನೊಳಗೆ ಒಂದೇ ಸಮನೆ ತಂಪು ಬೀಸಿತು.

ಅಂದಿನಿಂದ ಅವನು ತಕ್ಕಡಿ ಇಲ್ಲದೆ ವಾಲ್ವ್ ಮುಟ್ಟಲಿಲ್ಲ. ಕೇಳಿದವರಿಗೆ ಬೆರಳು ತೋರಿಸಿ ನಿಜ ಹೇಳಿದ. ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದರು, ಉಳಿದವರು ಬಂದರು.

ನರ್ಸಮ್ಮ ಬಂದುಹೋದ ದಿನವೇ ಸಂಜೆ ಅವನಿಂದ ಎಲ್ಲವನ್ನೂ ಕೇಳಿದ ಹೆಂಡತಿ ಮುಖ ಊದಿಸಿಕೊಂಡಳು. "ನರ್ಸಮ್ಮಂಗೆ ಹೇಳಿದ್ದನ್ನ ನಂಗೆ ಹೇಳೋಕೆ ಆಗ್ಲಿಲ್ವಾ?" ಎರಡು ದಿನ ಮಾತು ಬಿಟ್ಟವಳು, ಮೂರನೆಯ ದಿನ ಮರಗಟ್ಟಿದ ಬೆರಳಿಗೆ ಏನು ಮಾಡಬೇಕೆಂದು ತಾನೇ ನರ್ಸಮ್ಮನನ್ನು ವಿಚಾರಿಸಿಕೊಂಡು ಬಂದು, ಬಟ್ಟಲುಗಳಲ್ಲಿ ಅಕ್ಕಿ, ಹತ್ತಿ, ಮಣಿ, ಅಂಗಿಯ ಗುಂಡಿಗಳನ್ನಿಟ್ಟು ಅವನ ಕಣ್ಣಿಗೆ ಬಟ್ಟೆ ಕಟ್ಟಿದಳು. ಅಕ್ಕಿಯನ್ನು ಅವನು ಮರಳು ಎಂದ. ಗದರಿಸಿ ಮತ್ತೆ ಮುಟ್ಟಿಸಿದಳು. ಈಗ ದಿನಾ ಸಂಜೆ ಇದೇ ಪಾಠ. ಬಲಗೈ ಕಿರುಬೆರಳೊಂದು ಮಾತ್ರ ಗುಂಡಿ ಯಾವುದು, ಮಣಿ ಯಾವುದು ಎಂದು ಈಚೆಗೆ ತಪ್ಪದೆ ಹೇಳುತ್ತಿದೆ.