ಹುಣಸೆಹುಳಿಯಲ್ಲಿ ತಿಕ್ಕಿದ ನಾಣ್ಯ

ನನ್ನ ಅಣ್ಣ ಶೀನ ಕಿವಿಯಿಂದ ದೋಸೆ ಹುಯ್ಯುತ್ತಿದ್ದ. ಲಂಡನ್ನಿನ ರೇನರ್ಸ್ ಲೇನಿನ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತವನು. ಕಾವಲಿಗೆ ನೀರು ಚಿಮುಕಿಸಿ, ಮುಖ ಬೇರೆಲ್ಲೋ ತಿರುಗಿಸಿ, ಆ ಸದ್ದು ಕೇಳಿಯೇ ಕಾವು ಸಾಕೋ ಸಾಲದೋ ಹೇಳುತ್ತಿದ್ದ. ಅದೇ ಕಿವಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹೆಡ್‌ಫೋನ್ ಏರಿಸಿಕೊಂಡು, ಮೆಟಲ್ ಡಿಟೆಕ್ಟರ್ ಹಿಡಿದು, ಹಳೆಯ ನಾಣ್ಯ ಹುಡುಕಲು ಪಾರ್ಕಿಗೆ ಹೋಗತೊಡಗಿದ.

ಅವನು ಮದುವೆಯಾಗಲಿಲ್ಲ. ಕಿಂಗ್ಸ್‌ಬರಿಯ ನಮ್ಮ ಮನೆಯ ಚಿಕ್ಕ ರೂಮಿನಲ್ಲಿ ಅವನ ವಾಸ. ಸೋಮವಾರ ಹೋಟೆಲಿಗೆ ರಜೆ, ಅವತ್ತು ಪಾರ್ಕು. ನನ್ನ ಮಗಳ ಕೈಯಲ್ಲಿ ಫಾರಂ ತುಂಬಿಸಿ ಕೌನ್ಸಿಲಿನಿಂದ ಅನುಮತಿ ತರಿಸಿಕೊಂಡಿದ್ದ. ಆ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಆಳಕ್ಕೆ ಅಗೆಯಬಾರದು, ಗುಂಡಿ ಮುಚ್ಚಬೇಕು, ಹಳೆಯದು ಏನು ಸಿಕ್ಕಿದರೂ ಮ್ಯೂಸಿಯಂನವರಿಗೆ ತೋರಿಸಬೇಕು ಎಂದು ಅದರಲ್ಲಿತ್ತು. ಅವನು ಹುಲ್ಲನ್ನು ಮೂರು ಕಡೆ ಕೊಯ್ದು, ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತಿ, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿ ಕಾಲಿನಿಂದ ಮೆಲ್ಲಗೆ ಒತ್ತುತ್ತಿದ್ದ. “ಕಾಣ್ ಗಿರಿಜಾ, ನಾನ್ ಬಂದದ್ ಹುಲ್ಲಿಗೂ ಗೊತ್ತಾಪುಕಾಗ” ಎನ್ನುತ್ತಿದ್ದ. ನಮ್ಮದು ಕುಂದಾಪುರದ ಕಡೆ. ಇಷ್ಟು ವರ್ಷವಾದರೂ ಅವನ ಮಾತು ಆ ಕಡೆಯದೇ.

ಮೊದಲ ಸದ್ದಿಗೆ ಅವನು ಯಾವತ್ತೂ ಅಗೆದವನಲ್ಲ. ನಿಂತಲ್ಲೇ ನಿಂತು, ಕಣ್ಣು ಮುಚ್ಚಿ, ಡಿಟೆಕ್ಟರಿನ ತಟ್ಟೆಯನ್ನು ನೆಲದ ಮೇಲೆ ಇನ್ನೊಮ್ಮೆ ಆಡಿಸಿ ಕಾಯುತ್ತಿದ್ದ. “ಒಂದ್ ಸಲ ಕೇಂಡ್ರೆ ಸಾಲ. ಎರಡ್ನೇ ಸಲ ಅದೇ ಹೇಳ್ಕ್” ಎನ್ನುವುದು ಅವನ ಲೆಕ್ಕ. ಅದೇ ಸದ್ದು ಮತ್ತೆ ಬಂದರೆ ಮಾತ್ರ ಅಗೆಯುತ್ತಿದ್ದ. ಇಷ್ಟೆಲ್ಲ ಮಾಡಿ ಸಿಗುತ್ತಿದ್ದದ್ದು ಕೋಕ್ ಡಬ್ಬಿಯ ಉಂಗುರ, ಮೊಳೆ, ಬಾಟಲಿ ಮುಚ್ಚಳ. ಒಮ್ಮೆ ನಾಯಿ ಹಿಡಿದು ಬಂದ ಮುದುಕಿಯೊಬ್ಬಳು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದಳಂತೆ. ಇವನು ತನ್ನ ಹೋಟೆಲ್ ಇಂಗ್ಲಿಷಿನಲ್ಲಿ, ನಾನಲ್ಲಮ್ಮ, ಬೇರೆ ಯಾರೋ, ತುಂಬ ಹಿಂದೆ ಅಂದನಂತೆ. ಪಾಪ, ಅವಳೂ ಹತ್ತು ನಿಮಿಷ ಬಗ್ಗಿ ಹುಡುಕಿದಳಂತೆ. ಇದನ್ನು ಹೇಳಿಕೊಂಡು ಅವನು ವಾರವಿಡೀ ನಕ್ಕ.

ನಾನು ನಗಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹ್ಯಾರೋದಲ್ಲಿ ಭಜನೆಗೆ ಸೇರುವ ಹೆಂಗಸರ ನಡುವೆ ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದೆ. ಅಲ್ಲಿ ಮೈಸೂರಿನ ಡಾಕ್ಟರ ಹೆಂಡತಿ ಒಂದು ದಿನ ಎಲ್ಲರಿಗೂ ಕೇಳುವ ಹಾಗೆ, “ನಿಮ್ಮಣ್ಣ ಪಾರ್ಕಲ್ಲಿ ಚಿಲ್ಲರೆ ಹುಡುಕ್ತಾರಂತಲ್ರೀ, ಹೋಟೆಲಲ್ಲಿ ಸಂಬಳ ಕೊಡಲ್ವಾ?” ಅಂದರು. ಎಲ್ಲರೂ ನಕ್ಕರು. ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಮೂರನೆಯ ವರ್ಷದ ಚಳಿಗಾಲಕ್ಕೆ ಮುಂಚೆ, ಒಂದು ಸೋಮವಾರ ಅವನು ಊಟದ ಹೊತ್ತಿಗಿಂತ ಮೊದಲೇ ಮನೆಗೆ ಬಂದ. ಅಂಗೈಯಲ್ಲಿ ಹಸಿರುಗಟ್ಟಿದ ಸಣ್ಣ ತಾಮ್ರದ ಬಿಲ್ಲೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮುಳ್ಳುಮುಳ್ಳು ಕಿರೀಟದ ಒಬ್ಬ ರಾಜನ ಮುಖ. ಮಗಳು ಕಳಿಸಿದ ಫೋಟೋ ನೋಡಿದ ಮ್ಯೂಸಿಯಂನಾಕೆ ರೋಮನರ ಕಾಲದ್ದಿರಬೇಕು, ತೊಳೆಯದೆ ಮುಂದಿನ ಸೋಮವಾರ ತನ್ನಿ ಎಂದಿದ್ದಳು. ಅಣ್ಣ ಅದನ್ನು ಹತ್ತಿಯಲ್ಲಿಟ್ಟು, ಡಬ್ಬಿ ಮುಚ್ಚಿ, ಅಡುಗೆಮನೆಯ ಕಿಟಕಿಯಲ್ಲಿಟ್ಟ.

“ಒಂದ್ ಹನಿ ನೀರೂ ತಾಗ್ಸುಕಾಗ. ಆ ಹಸ್ರೇ ಅದ್ರ ಚರ್ಮ” ಅಂದ. ಆಮೇಲೆ ಸ್ವಲ್ಪ ಸಂಕೋಚದಿಂದ, “ಸಿಕ್ಕಿದ್ ಯಾರಿಗೆ ಅಂದೇಳಿ ಹೆಸ್ರ್ ಬರೀತ್ರಂಬ್ರ್. ಇಡೀ ಹೆಸ್ರ್. ಈ ಊರಂಗೆ ನನ್ ಹೆಸ್ರೂ ಒಂದ್ ಕಡೆ ಇರ್ಲಿ” ಅಂದ.

ಶುಕ್ರವಾರ ನಮ್ಮ ಮನೆಯಲ್ಲಿ ಪೂಜೆ. ಹೆಂಗಸರೆಲ್ಲ ಬರುವವರಿದ್ದರು. ಹುಣಸೆಹುಳಿ, ಉಪ್ಪು ಹಾಕಿ ದೀಪ, ತಾಮ್ರದ ಚೊಂಬು ತಿಕ್ಕುತ್ತಿದ್ದೆ. ಡಬ್ಬಿ ಕಣ್ಣೆದುರಿಗೇ ಇತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲಾರೆ. ಅವನು ಅಷ್ಟು ಬಿಡಿಸಿ ಹೇಳಿದ್ದ. ಆದರೆ ಈ ಕಿಲುಬು ಬಿಲ್ಲೆ ತೋರಿಸಿದರೆ ಆ ಡಾಕ್ಟರ ಹೆಂಡತಿ ಮತ್ತೆ ನಗುತ್ತಾಳೆ, ಹೊಳೆಯುವ ನಾಣ್ಯ ತೋರಿಸಿದರೆ ಬಾಯಿ ಮುಚ್ಚುತ್ತಾಳೆ ಎಂದುಕೊಂಡೆ. ಒಂದು ಚೂರು ತಿಕ್ಕಿದೆ. ಕೆಂಪು ತಾಮ್ರ ಇಣುಕಿತು. ಖುಷಿಯಾಗಿ ಇನ್ನಷ್ಟು ತಿಕ್ಕಿದೆ. ನೀರಿನಲ್ಲಿ ಅದ್ದಿ ನೋಡಿದರೆ ಕಿರೀಟವಿಲ್ಲ, ಮೂಗಿಲ್ಲ. ಅಂಗಿಯ ಗುಂಡಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಹತ್ತಿಯೊಳಗಿಟ್ಟು ಡಬ್ಬಿ ಮುಚ್ಚಿದೆ. ಅವತ್ತು ಯಾರಿಗೂ ತೋರಿಸಲಿಲ್ಲ.

ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ನೀನೂ ಬಾ ಎಂದು ನನ್ನನ್ನು ಕರೆದುಕೊಂಡು ಹೋದ. ದಾರಿಯಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮ್ಯೂಸಿಯಂನಾಕೆ ಕೈಗವಸು ಹಾಕಿ ಡಬ್ಬಿ ತೆರೆದಳು. ನಾಣ್ಯವನ್ನು ಎರಡೂ ಬದಿ ತಿರುಗಿಸಿ ನೋಡಿ, ಇದನ್ನು ತೊಳೆದವರು ಯಾರು ಎಂದು ಕೇಳಿದಳು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಅಣ್ಣ ನಾಣ್ಯ ನೋಡಿದ. ಆಮೇಲೆ ನನ್ನ ಕೈ ನೋಡಿದ, ಮುಖವನ್ನಲ್ಲ.

“ಐ ಕ್ಲೀನ್ ಮೇಡಂ. ಮೈ ಮಿಸ್ಟೇಕ್” ಅಂದ.

ಆಕೆ ಅವನ ಇಡೀ ಹೆಸರನ್ನು ತಮ್ಮ ಪುಸ್ತಕದಲ್ಲಿ ಅಕ್ಷರ ಕೇಳಿ ಕೇಳಿ ಬರೆದುಕೊಂಡಳು. ಹುಡುಕಿದವರೇ ತಿಕ್ಕಿದ್ದರಿಂದ ಯಾವ ರಾಜನದೆಂದು ಗುರುತಿಸಲಾಗದು ಎಂದೂ ಅದರ ಕೆಳಗೆ ಬರೆದಳು. ಆ ನಾಣ್ಯ ಅವರಿಗೂ ಬೇಡವಾಯಿತು, ಕೌನ್ಸಿಲಿಗೂ ಬೇಡವಾಯಿತು. ಬಸ್ಸಿನಲ್ಲಿ ಅವನು ಬೈಯಲಿ ಎಂದು ಕಾದೆ. ಮಧ್ಯಾಹ್ನಕ್ಕೆ ಎಂತ ಅಡಿಗೆ ಎಂದಷ್ಟೇ ಕೇಳಿದ. ಅನುಮತಿಯ ಅವಧಿ ಮುಗಿದಾಗ ಮತ್ತೆ ಫಾರಂ ತುಂಬಲಿಲ್ಲ. ಡಿಟೆಕ್ಟರ್ ಬೀರುವಿನ ಹಿಂದೆ ಹೋಯಿತು. ಸೋಮವಾರಗಳಲ್ಲಿ ಅವನು ಟೀವಿಯ ಮುಂದೆ ಕೂರತೊಡಗಿದ.

ಮರುವರ್ಷ ಅವನಿಗೆ ಹೃದಯದ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ. ಒಂದು ಶುಕ್ರವಾರ ಮನೆಯ ಕೆಲಸ ಮುಗಿಸಿ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡವನು, “ಹುಳಿ ವಾಸ್ನಿ. ದೀಪ ತಿಕ್ಕಿದ್ಯಾ?” ಅಂದ.

“ಹೂಂ” ಅಂದೆ.

ಅವನು ಕಣ್ಣು ಮುಚ್ಚಿದ. ಕೈ ಬಿಡಲಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ. ನಿದ್ದೆಯಲ್ಲ, ಪಾರ್ಕಿನಲ್ಲಿ ಎರಡನೆಯ ಸದ್ದಿಗೆ ನಿಲ್ಲುತ್ತಿದ್ದನಲ್ಲ, ಹಾಗೆ ಕಾಯುತ್ತಿದ್ದ ಎಂದು ಈಗ ಗೊತ್ತಾಗುತ್ತದೆ. ನಾನು ನಾಣ್ಯದ ಮಾತು ಎತ್ತದೆ, ಸೋಮವಾರ ನಿನ್ನನ್ನು ಮನೆಗೆ ಕಳಿಸುತ್ತಾರಂತೆ ಅಂದೆ. ಸ್ವಲ್ಪ ಹೊತ್ತಿಗೆ ಅವನ ಕೈ ಸಡಿಲವಾಯಿತು. ಭಾನುವಾರ ತೀರಿಕೊಂಡ.

ಮ್ಯೂಸಿಯಂನವರ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ನನ್ನ ತಪ್ಪು ಹಾಗೆಯೇ ಇದೆ. ಮಗಳ ಕೈಯಲ್ಲಿ ಒಂದು ಪತ್ರ ಬರೆಸಬೇಕು ಎಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಅಲ್ಲಿ ಹೇಳಬೇಕಾದದ್ದನ್ನು, ಅವರು ಯಾರೂ ಓದಲಾರದ ಭಾಷೆಯಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಇದೂ ಒಂದು ಹೇಡಿತನವೇ.

ನಾಣ್ಯ ಈಗಲೂ ಅದೇ ಕಿಟಕಿಯಲ್ಲಿದೆ. ಅಡುಗೆಮನೆಯ ಹಬೆಗೆ ಅಂಚಿನಲ್ಲಿ ಮತ್ತೆ ಹಸಿರು ಹಿಡಿಯುತ್ತಿದೆ. ಬೆಳಿಗ್ಗೆ ಬೆಳಕು ಬಂದಾಗ ಅವನ ಹಾಗೆಯೇ ಓರೆಯಾಗಿ ಹಿಡಿದು ನೋಡುತ್ತೇನೆ. ಮುಖ ಬಂದಿಲ್ಲ.