ಹೊಸ್ತಿಲ ತಪಾಸಣೆ

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಮಹಾರುದ್ರಪ್ಪ ೧೯೮೪ರಲ್ಲಿ ಒಮ್ಮೆ ವಿಮಾನ ಹತ್ತಿ ಬಂದವನು. ಅಂದಿನಿಂದ ಚಹಾದಂಗಡಿಯಲ್ಲಿ ಅವನದು ಒಂದೇ ಪುರಾಣ. “ಕೊರಳಾಗಿನ ಲಿಂಗದ ಕರಡಿಗಿ ಬೆಳ್ಳೀದು ಅಂತ ಆ ತಪಾಸಣಿ ಬಾಗಲ ಚೀಂವ್ ಅಂತ ಒದರಿತ್ರಿ! ಚೀಲದಾಗ ಗೇಣುದ್ದ ಅಡಕತ್ತರಿ ಇತ್ತು, ಅವರ ಟೀವಿಗೆ ಕಾಣಲೇ ಇಲ್ಲ. ಅದೇನ್ ಮಷೀನ್ರಿ? ನಮ್ಮ ಮನಿಯಾಕಿನ್ನ ನಿಂದರಸ್ರಿ ಅಲ್ಲಿ!” ದಿನಾ ಸಂಜೆ ಅವನು ಮನೆಯ ಹೊಸ್ತಿಲಲ್ಲಿ ಎರಡೂ ಕೈ ಅಗಲಿಸಿ ನಿಲ್ಲುತ್ತಾನೆ. ಹೆಂಡತಿ ವೀರವ್ವ ರುಮಾಲು, ಕಿಸೆ, ಧೋತರದ ಗಂಟು ಎಲ್ಲ ತಡವಿ ಬೀಡಿಕಟ್ಟು ಹಿಡಿಯುತ್ತಾಳೆ. “ಸಿಕ್ತು ನೋಡ್ರಿ ಕಳ್ಳ ಮಾಲು!” ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಾಳೆ. ಮಹಾರುದ್ರಪ್ಪ ಬೀಡಿ ಬಿಟ್ಟು ಮೂರು ವರ್ಷವಾಯಿತು. ಆ ನಗು ಕೇಳಲೆಂದೇ ದಿನಾ ಒಂದು ಕಟ್ಟು ಕೊಂಡು ಕಿಸೆಗೆ ಹಾಕಿಕೊಳ್ಳುತ್ತಾನೆ.